ಯಂತ್ರಕ್ಕೆ ಎರಡು ದಿನ, ರಸ್ತೆಗೆ ಎಷ್ಟು ದಿನ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮಾತ್ರ ಬಡಾವಣೆಯ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ನಮ್ಮ ಮೈಸೂರಿನ ಕುವೆಂಪುನಗರದವರು ಕೇಳಿದ್ದನ್ನೇ ವಿಜಯನಗರದವರು ಕೇಳುತ್ತಾರೆ, ಹೆಬ್ಬಾಳದವರು ಕೇಳಿದ್ದನ್ನೇ ಸಿದ್ಧಾರ್ಥನಗರದವರು. ‘ರಸ್ತೆ ಕೆರೆಯುವ ಮೆಷಿನ್ ಬಂತು, ಒಂದೇ ದಿನದಲ್ಲಿ ಕೆರೆದುಕೊಂಡು ಹೋಯಿತು. ಆಮೇಲೆ ಯಾರೂ ಈ ಕಡೆ ತಲೆ ಹಾಕಿಲ್ಲ. ಇಷ್ಟೆಲ್ಲ ಯಂತ್ರ ಇದ್ದೂ ಒಂದು ರಸ್ತೆ ರಿಪೇರಿಗೆ ಎಷ್ಟು ದಿನ ಬೇಕು ಸ್ವಾಮಿ?’ ಬೆಂಗಳೂರಿಗೆ ದಶಪಥ ಹಾಕುವುದು ಗೊತ್ತಿರುವ ಕಾಲದಲ್ಲಿ ನಮ್ಮ ಐದನೇ ಕ್ರಾಸ್ ಅಷ್ಟೊಂದು ಕಷ್ಟವೇ ಎಂದು ಖಾರ ಬೆರೆಸಿ ಕೇಳುವವರೂ ಇದ್ದಾರೆ.

ಲೆಕ್ಕ ಹಾಕಿಯೇ ನೋಡೋಣ. ಅರ್ಧ ಕಿಲೋಮೀಟರ್ ಉದ್ದ, 7 ಮೀಟರ್ ಅಗಲದ ಒಂದು ರಸ್ತೆ ಇಟ್ಟುಕೊಳ್ಳಿ. ಮೈಸೂರಿನ ಮಧ್ಯಮ ಗಾತ್ರದ ಬಡಾವಣೆ ರಸ್ತೆ. ಹಳೆಯ ಡಾಂಬರನ್ನು ಕೆರೆದು ತೆಗೆಯುವ ಮಿಲ್ಲಿಂಗ್ ಯಂತ್ರದ ಹೊಟ್ಟೆಯಲ್ಲಿ ಒಂದು ಉರುಳೆ, ಅದರ ಮೈತುಂಬ ಗಟ್ಟಿ ಲೋಹದ ಹಲ್ಲುಗಳು. ಒಂದು ಮೀಟರ್ ಅಗಲದ ಉರುಳೆಯಿದ್ದು ನಿಮಿಷಕ್ಕೆ ಹತ್ತು ಮೀಟರ್ ಸಾಗಿತು ಎಂದರೆ, ರಸ್ತೆಯುದ್ದಕ್ಕೂ ಏಳು ಸಲ ಹೋದರೂ ಆರು ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಎರಡು ಮೀಟರ್ ಉರುಳೆಯ ದೊಡ್ಡ ಯಂತ್ರವಾದರೆ ಅರ್ಧ ದಿನವೂ ಬೇಡ. ಇನ್ನು ಹಾಸುವ ಕೆಲಸ. 40 ಮಿಲಿಮೀಟರ್ ದಪ್ಪಕ್ಕೆ ಸುಮಾರು 330 ಟನ್ ಬಿಸಿ ಮಿಶ್ರಣ ಬೇಕು. ಗಂಟೆಗೆ 120 ಟನ್ ತಯಾರಿಸುವ ಘಟಕಕ್ಕೆ ಅದು ಮೂರು ಗಂಟೆಯ ಕೆಲಸ. ಪೇವರ್ ಯಂತ್ರ ನಿಮಿಷಕ್ಕೆ ಮೂರು ಮೀಟರ್ ನಡೆದರೂ ರಸ್ತೆಯ ಒಂದು ಬದಿಗೆ ಮೂರು ಗಂಟೆ, ಎರಡು ಬದಿಗೆ ಆರು. ಅಂದರೆ ಕೆರೆಯಲು ಒಂದು ದಿನ, ಹಾಸಲು ಒಂದು ದಿನ. ಮಳೆ ಬರದೆ, ಟಿಪ್ಪರ್ ತಡವಾಗದೆ, ಯಾರ ಕಾರೂ ರಸ್ತೆ ಮಧ್ಯೆ ಕೆಟ್ಟು ನಿಲ್ಲದೆ ಇದ್ದರೆ ಎರಡೇ ದಿನ.

ಯಂತ್ರದ ಶಕ್ತಿಯನ್ನು ಇನ್ನೂ ದೊಡ್ಡದಾಗಿ ನೋಡಬೇಕೆಂದರೆ ಮಹಾರಾಷ್ಟ್ರದ ಅಮರಾವತಿ–ಅಕೋಲಾ ಹೆದ್ದಾರಿಗೆ ಹೋಗಬೇಕು. 2022ರ ಜೂನ್ ಮೊದಲ ವಾರದಲ್ಲಿ ಅಲ್ಲಿ 75 ಕಿಲೋಮೀಟರ್ ಉದ್ದದ ಒಂದು ಪಥಕ್ಕೆ 105 ಗಂಟೆ 33 ನಿಮಿಷದಲ್ಲಿ ಡಾಂಬರು ಹಾಸಿ ಗಿನ್ನೆಸ್ ದಾಖಲೆ ಮಾಡಿದರು. ಹಗಲು ರಾತ್ರಿ ನಿಲ್ಲಿಸದೆ ಗಂಟೆಗೆ 700 ಮೀಟರ್ ಲೆಕ್ಕ. ಆ ವೇಗದಲ್ಲಿ ನಮ್ಮ ಐದನೇ ಕ್ರಾಸು ಬೆಳಗಿನ ಕಾಫಿಗೂ ತಿಂಡಿಗೂ ನಡುವೆ ಮುಗಿದುಹೋಗಬೇಕು. ಆದರೆ ಆ ದಾಖಲೆಯಲ್ಲಿ ನಮಗೆ ಕಾಣದ್ದೊಂದು ಇದೆ. ಪೇವರ್ ಹೊರಡುವ ಹೊತ್ತಿಗೆ ಕೆಳಗಿನ ನೆಲ ಸಿದ್ಧವಾಗಿತ್ತು, ಜಲ್ಲಿ ರಾಶಿ ಬಿದ್ದಿತ್ತು, ಮಿಶ್ರಣ ಘಟಕಗಳು ಉರಿಯುತ್ತಿದ್ದವು, ಆ ಪಥದಲ್ಲಿ ಮನೆಮನೆಯ ನೀರಿನ ನಲ್ಲಿಯ ಸಂಪರ್ಕವೆಂಬುದೇ ಇರಲಿಲ್ಲ. ಗಡಿಯಾರ ಶುರುವಾದದ್ದು ಎಲ್ಲ ತಯಾರಿ ಮುಗಿದ ಮೇಲೆ. ನಮ್ಮ ಬೀದಿಯ ಗಡಿಯಾರವನ್ನು ನಾವು ಮೊದಲ ಗುದ್ದಲಿ ಬಿದ್ದ ದಿನದಿಂದ ನೋಡುತ್ತೇವೆ.

ಹಾಗಾದರೆ ಉಳಿದ ದಿನಗಳೆಲ್ಲ ಎಲ್ಲಿ ಹೋಗುತ್ತವೆ? ನನಗೆ ತೋರುವುದು ಇಷ್ಟು. ರಸ್ತೆ ಕೆಲಸದಲ್ಲಿ ಕಾಯುವುದು ಎರಡು ಬಗೆ. ಒಂದು, ಡಾಂಬರು, ಮಣ್ಣು, ಸಿಮೆಂಟ್ ಕೇಳುವ ಕಾಯುವಿಕೆ. ಇನ್ನೊಂದು, ಕಡತ, ಬಾಡಿಗೆ ಯಂತ್ರ, ಇಲಾಖೆಗಳು ನಮ್ಮ ಮೇಲೆ ಹೇರುವ ಕಾಯುವಿಕೆ. ಮೊದಲನೆಯದನ್ನು ಕಡಿಮೆ ಮಾಡಿದರೆ ರಸ್ತೆ ಕೆಡುತ್ತದೆ, ಎರಡನೆಯದನ್ನು ಕಡಿಮೆ ಮಾಡಿದರೆ ಯಾರಿಗೂ ನಷ್ಟವಿಲ್ಲ. ನಾವು ಮಾಡುತ್ತಿರುವುದು ಸರಿಯಾಗಿ ತಿರುವುಮುರುವು. ತಿಂಗಳುಗಟ್ಟಲೆ ಸುಮ್ಮನೆ ಬಿಟ್ಟು, ಕೊನೆಗೆ ಡಾಂಬರು ಹಾಕುವ ಆ ಕೆಲವು ಗಂಟೆಗಳಲ್ಲಿ ಎಲ್ಲಿಲ್ಲದ ಅವಸರ ಮಾಡುತ್ತೇವೆ.

ಮೊದಲು ವಸ್ತುವಿನ ಕಾಯುವಿಕೆ. ಕೆರೆದ ರಸ್ತೆಯನ್ನು ಗಾಳಿ ಹೊಡೆದು ಗುಡಿಸಿ, ಅದರ ಮೇಲೆ ತೆಳುವಾಗಿ ಎಮಲ್ಷನ್, ಅಂದರೆ ನೀರಿನಲ್ಲಿ ಬೆರೆಸಿದ ಡಾಂಬರು, ಸಿಂಪಡಿಸುತ್ತಾರೆ. ಹಳೆಯ ಪದರಕ್ಕೆ ಹೊಸ ಪದರ ಅಂಟಲು ಇದು ಬೇಕು. ಚದರ ಮೀಟರಿಗೆ ಕಾಲು ಕಿಲೋ ಆಜುಬಾಜು, ಅಷ್ಟೇ. ಹೆಚ್ಚಾದರೆ ಮೇಲಿನ ಪದರ ಜಾರುತ್ತದೆ. ಸಿಂಪಡಿಸಿದಾಗ ಅದು ಕಂದು ಬಣ್ಣ. ಒಳಗಿನ ನೀರು ಬಿಟ್ಟುಕೊಂಡು ಡಾಂಬರು ಮಾತ್ರ ಉಳಿದಾಗ ಕಪ್ಪಾಗುತ್ತದೆ. ಬಿಸಿಲಿದ್ದರೆ ಬೇಗ, ಮೋಡವಿದ್ದರೆ ನಿಧಾನ. ಅದು ಕಪ್ಪಾಗುವವರೆಗೆ ಪೇವರ್ ಮುಂದೆ ಹೋಗಬಾರದು. ನಮ್ಮ ಮನೆಯ ಹತ್ತಿರ ಕೆಲಸ ನಡೆದಾಗ ನಾನು ನಿಂತು ನೋಡಿದ್ದು ಇದನ್ನೇ. ರಸ್ತೆಯ ಒಂದು ತುದಿ ಕಪ್ಪಾಗಿತ್ತು, ಇನ್ನೊಂದು ತುದಿ ಇನ್ನೂ ಕಂದಾಗಿಯೇ ಇತ್ತು. ಅಷ್ಟರಲ್ಲಿ ಟಿಪ್ಪರ್ ಹಿಂದಕ್ಕೆ ಬಂದು ನಿಂತು, ಅದರ ಚಕ್ರಕ್ಕೆ ಎಮಲ್ಷನ್ ಎಲ್ಲ ಅಂಟಿಕೊಂಡು, ಚಕ್ರ ಹರಿದ ಜಾಗದಲ್ಲಿ ಎರಡು ಬೋಳು ಪಟ್ಟೆ ಮೂಡಿದವು. ‘ಇನ್ನು ಸ್ವಲ್ಪ ಹೊತ್ತು ಬಿಡಬಹುದಿತ್ತಲ್ಲ’ ಎಂದೆ. ರೋಲರಿನವನು ನಕ್ಕ. ‘ಮಾಲು ಬಂದು ನಿಂತೈತೆ ಸಾರ್, ಆರೋದ್ರೆ ಅದುನ್ನ ಏನ್ ಮಾಡ್ಲಿ?’

ಅವನ ಮಾತೂ ಸುಳ್ಳಲ್ಲ. ಬಿಸಿ ಮಿಶ್ರಣ ತಯಾರಾಗುವ ಘಟಕಗಳು ಇರುವುದು ಊರ ಹೊರಗೆ. ಅಲ್ಲಿಂದ ಹೊರಡುವಾಗ 150ರಿಂದ 165 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ಮಾಲು, ರಸ್ತೆಗೆ ಬೀಳುವಾಗ 140ಕ್ಕಿಂತ ಕೆಳಗಿಳಿದಿರಬಾರದು, ರೋಲರ್ ಓಡಿಸುವುದು 90 ಡಿಗ್ರಿಗೆ ಬರುವುದರೊಳಗೆ ಮುಗಿಯಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ ಡಾಂಬರಿಗೆ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯದ ನಿಯಮ ಇದು. 40 ಮಿಲಿಮೀಟರ್ ದಪ್ಪದ ಪದರ ಆ 90 ಡಿಗ್ರಿಗೆ ಇಳಿಯಲು ಕಾಲು ಗಂಟೆಯೋ ಅರ್ಧ ಗಂಟೆಯೋ, ಗಾಳಿ ಹೇಗಿದೆ ಎನ್ನುವುದರ ಮೇಲೆ. ಆರಿದ ಮೇಲೆ ರೋಲರ್ ಎಷ್ಟು ಸಲ ಹೋದರೂ ಅದು ಆರಿದ ಮುದ್ದೆಯನ್ನು ಉಂಡೆ ಮಾಡಿದ ಹಾಗೆ, ಮೇಲೆ ನುಣುಪು, ಒಳಗೆಲ್ಲ ಬಿರುಕು. ಬಿಸಿಯಲ್ಲಿ ಸರಿಯಾಗಿ ದಮ್ಮಾಸು ಮಾಡಿದ ಪದರದೊಳಗೆ ಗಾಳಿಯ ಪಾಲು ನೂರಕ್ಕೆ ಎಂಟನ್ನು ಮೀರುವುದಿಲ್ಲ. ಅದು ಹತ್ತು ಹನ್ನೆರಡಾದರೆ ಮಳೆಯ ನೀರು ಒಳಗೇ ಇಳಿಯುತ್ತದೆ, ಮೇಲೆ ಬಸ್ಸು ಹೋದಾಗಲೆಲ್ಲ ಆ ನೀರು ಡಾಂಬರನ್ನು ಜಲ್ಲಿಯಿಂದ ಬಿಡಿಸುತ್ತದೆ. ಬೇಸಿಗೆಯಲ್ಲಿ ಹಾಕಿದ ರಸ್ತೆ ಮೊದಲ ಮಳೆಗೇ ಕಿತ್ತು ಬಂದರೆ ಜನ ‘ಡಾಂಬರು ಕಡಿಮೆ ಹಾಕಿದ್ದಾರೆ’ ಎನ್ನುತ್ತಾರೆ. ಎಷ್ಟೋ ಸಲ ಡಾಂಬರು ಸರಿಯಾಗಿಯೇ ಇರುತ್ತದೆ, ತಪ್ಪಿರುವುದು ಆ ಅರ್ಧ ಗಂಟೆ.

ಇನ್ನು ಎರಡನೆಯ ಬಗೆ. ಟೆಂಡರ್ ವಿಷಯ ಎಲ್ಲರಿಗೂ ಗೊತ್ತಿರುವುದೇ, ಅದಕ್ಕೆ 1999ರ ಪಾರದರ್ಶಕತೆ ಕಾಯ್ದೆ ಇದೆ, ನಿಗದಿತ ದಿನ ಕಾಯಲೇಬೇಕು, ಅದು ಹಾಗೇ ಇರಲಿ. ಕಡಿಮೆ ಜನರಿಗೆ ಗೊತ್ತಿರುವುದು ಯಂತ್ರದಿಂದಲೇ ಆಗುವ ವಿಳಂಬ. ಕೋಟಿಗಟ್ಟಲೆ ಬೆಲೆಯ ಮಿಲ್ಲಿಂಗ್ ಯಂತ್ರವನ್ನು ಸಣ್ಣ ಗುತ್ತಿಗೆದಾರ ಕೊಳ್ಳುವುದಿಲ್ಲ, ಬಾಡಿಗೆಗೆ ತರುತ್ತಾನೆ. ಅದು ತಾನಾಗಿ ರಸ್ತೆಯಲ್ಲಿ ಓಡಾಡುವ ಗಾಡಿಯಲ್ಲ, ಟ್ರೇಲರ್ ಮೇಲೆ ಹೇರಿಕೊಂಡು ಬರಬೇಕು. ಒಂದು ಬೀದಿಗೆಂದು ತಂದರೆ ಗಿಟ್ಟುವುದಿಲ್ಲ. ಆದ್ದರಿಂದ ಆಸುಪಾಸಿನ ಏಳೆಂಟು ರಸ್ತೆಗಳನ್ನು ಒಟ್ಟಿಗೆ ಕೆರೆಸಿ ಯಂತ್ರ ಕಳಿಸಿಬಿಡುತ್ತಾರೆ. ಆಮೇಲೆ ಪೇವರಿನ ಸರದಿ. ಅದು ಇನ್ನೆಲ್ಲೋ ಇರುತ್ತದೆ. ಅಲ್ಲಿಯ ಕೆಲಸ ಮುಗಿಯುವವರೆಗೆ ನಮ್ಮ ರಸ್ತೆ ಕೆರೆದ ತೆಂಗಿನ ಚಿಪ್ಪಾಗಿ ಬಿದ್ದಿರುತ್ತದೆ, ಸ್ಕೂಟರುಗಳು ಗಡಗಡ ಅನ್ನುತ್ತವೆ, ಮನೆಯೊಳಗೆ ಧೂಳು. ಕೆರೆದ ಮೇಲೆ ಇಷ್ಟು ದಿನದೊಳಗೆ ಹಾಸಲೇಬೇಕು ಎಂಬ ಒಂದು ಸಾಲನ್ನು ಕರಾರಿನಲ್ಲಿ ಸೇರಿಸಿ, ತಪ್ಪಿದರೆ ದಿನಕ್ಕಿಷ್ಟು ದಂಡ ಎಂದರೆ ಈ ಕಾಟ ಅರ್ಧಕ್ಕರ್ಧ ತಗ್ಗುತ್ತದೆ ಎನ್ನುವುದು ನನ್ನ ಅಭಿಪ್ರಾಯ. ಕೆರೆಯುವುದೇ ಬೇಡ, ಹಾಗೇ ಮೇಲೆ ಹಾಕಲಿ ಎನ್ನುವವರು ಹಳೆಯ ಮೊಹಲ್ಲಾಗಳ ಮನೆಗಳನ್ನು ನೋಡಬೇಕು. ಪದರದ ಮೇಲೆ ಪದರ ಬಿದ್ದು ರಸ್ತೆ ಹೊಸಿಲಿನ ಎತ್ತರಕ್ಕೆ ಬಂದಿದೆ, ಮಳೆನೀರು ನಡುಮನೆಗೆ ನೆಂಟನಂತೆ ಬರುತ್ತದೆ.

ಎಲ್ಲಕ್ಕಿಂತ ದೊಡ್ಡ ಕಥೆ ನೆಲದ ಕೆಳಗಿನದು. ನೀರಿನ ಪೈಪು ವಾಣಿವಿಲಾಸ ನೀರು ಸರಬರಾಜು ವಿಭಾಗದ್ದು, ಕರೆಂಟಿನ ಕೇಬಲ್ಲು ಸೆಸ್ಕ್‌ನದು, ಒಳಚರಂಡಿ ಪಾಲಿಕೆಯದು, ಈಗ ಮನೆಮನೆಗೆ ಗ್ಯಾಸ್ ಪೈಪು, ಅದರ ಮೇಲೆ ಇಂಟರ್ನೆಟ್ಟಿನ ಕೇಬಲ್ಲು. ಒಬ್ಬೊಬ್ಬರದೂ ಒಂದೊಂದು ಕಾಲ. ಒಬ್ಬರು ಮುಚ್ಚಿದ್ದನ್ನು ಇನ್ನೊಬ್ಬರು ತೆಗೆಯುತ್ತಾರೆ. ಈಗ ಕೇಬಲ್ ಎಳೆಯಲು ರಸ್ತೆಯನ್ನು ಉದ್ದಕ್ಕೂ ಅಗೆಯಬೇಕಿಲ್ಲ. ಒಂದು ಕಡೆ ಗುಂಡಿ ತೋಡಿ, ನೆಲದಡಿಯಲ್ಲೇ ಅಡ್ಡಡ್ಡ ಕೊರೆದುಕೊಂಡು ಹೋಗಿ ಇನ್ನೊಂದು ಗುಂಡಿಯಲ್ಲಿ ಮೇಲೇಳುವ ಯಂತ್ರ ಬಂದಿದೆ. ಒಳ್ಳೆಯ ಯಂತ್ರ, ಬೇಗ ಮುಗಿಸುತ್ತದೆ. ಅದು ಹೋದ ಮೇಲೆ ಆ ಎರಡು ಗುಂಡಿಗಳು ಯಾರವೂ ಅಲ್ಲ.

ಗುಂಡಿ ಮುಚ್ಚುವುದಕ್ಕೂ ಒಂದು ಕ್ರಮವಿದೆ. ತೆಗೆದ ಮಣ್ಣನ್ನು ಅರ್ಧ ಅಡಿಗೊಂದರಂತೆ ಪದರ ಹಾಕಿ, ಸ್ವಲ್ಪ ನೀರು ಚಿಮುಕಿಸಿ, ಪ್ರತಿ ಪದರವನ್ನೂ ಕೈಯಲ್ಲಿ ಹಿಡಿದು ಕುಟ್ಟುವ ಯಂತ್ರದಿಂದ ಕುಟ್ಟಬೇಕು. ನಾಲ್ಕಡಿ ಆಳದ ಕಾಲುವೆಗೆ ಎಂಟು ಪದರ. ಇದಕ್ಕೆ ಇಬ್ಬರು ಆಳು, ಸ್ವಲ್ಪ ಡೀಸೆಲ್, ತಾಳ್ಮೆ ಸಾಕು. ನಾವು ಬೀದಿಯಲ್ಲಿ ನೋಡುವುದು ಬೇರೆ. ಜೆಸಿಬಿ ಮಣ್ಣನ್ನೆಲ್ಲ ಒಂದೇ ಸಲ ತಳ್ಳಿ, ಮೇಲೆ ಬಕೆಟ್ಟಿನಿಂದ ನಾಲ್ಕು ಪೆಟ್ಟು ಕೊಟ್ಟು ಹೋಗುತ್ತದೆ. ಮೊದಲ ವಾರ ಅದು ಉಬ್ಬು, ಒಂದು ಮಳೆ ಆದ ಮೇಲೆ ತಗ್ಗು. ಆ ತಗ್ಗಿನ ಮೇಲೆ ಎಷ್ಟೇ ದೊಡ್ಡ ಪೇವರ್ ತಂದು ಡಾಂಬರು ಹಾಸಿದರೂ ಮುಂದಿನ ವರ್ಷ ಅದೇ ಗೆರೆಯಲ್ಲಿ ರಸ್ತೆ ಕುಸಿದಿರುತ್ತದೆ. ಮಣ್ಣು ತಾನಾಗಿ ಕೂರಲಿ ಎಂದು ತಿಂಗಳುಗಟ್ಟಲೆ ಬಿಟ್ಟಿದ್ದೇವೆ ಎನ್ನುವ ಎಂಜಿನಿಯರುಗಳ ಮಾತು ನಿಜವೇ, ಆದರೆ ಕುಟ್ಟದೆ ಬಿಟ್ಟಿದ್ದರಿಂದ ಕಾಯಬೇಕಾಯಿತು ಎನ್ನುವುದನ್ನು ಅವರು ಹೇಳುವುದಿಲ್ಲ.

ಇಲ್ಲಿ ಮೈಸೂರಿನದೇ ಒಂದು ವಿಚಿತ್ರವಿದೆ. ಪ್ಲೇಗಿನ ಕಾಲದ ಪಾಠ ಕಲಿತು, 1903ರಲ್ಲಿ ನಗರಾಭಿವೃದ್ಧಿಗೆ ಟ್ರಸ್ಟ್ ಬೋರ್ಡ್ ಮಾಡಿಕೊಂಡ ಊರು ಇದು. ಚಾಮರಾಜಪುರಂ, ಲಕ್ಷ್ಮೀಪುರಂ ಕಡೆ ಎರಡು ಸಾಲು ಮನೆಗಳ ಹಿತ್ತಿಲ ನಡುವೆ ಕನ್ಸರ್ವೆನ್ಸಿ ಎಂದು ಕರೆಯುವ ಓಣಿಗಳಿವೆ. ಮನೆಯ ಹೊಲಸು ಮುಂಬಾಗಿಲ ರಸ್ತೆಗೆ ಬರದಿರಲೆಂದು ಬಿಟ್ಟ ಜಾಗ. ಅಗೆಯುವ ಕೆಲಸವನ್ನೆಲ್ಲ ಹಿಂದಿನಿಂದಲೇ ಮುಗಿಸಿ ಮುಂದಿನ ರಸ್ತೆಯನ್ನು ಮುಟ್ಟದೆ ಉಳಿಸಿಕೊಳ್ಳುವ ಅನುಕೂಲ ಅಂದೇ ಇತ್ತು. ಇಂದು ಆ ಓಣಿಗಳಲ್ಲಿ ಕೆಲವು ಶೆಡ್ಡಾಗಿವೆ, ಕೆಲವು ಕಸದ ತಿಪ್ಪೆ. ಹೊಸ ಬಡಾವಣೆಗಳಲ್ಲಿ ಅಂಥ ಜಾಗ ಬಿಟ್ಟಿರುವುದನ್ನು ನಾನಂತೂ ಕಂಡಿಲ್ಲ.

ಮೈಸೂರಿನ ರಸ್ತೆಗೆ ಇನ್ನೊಬ್ಬ ಯಜಮಾನ ದಸರಾ. ಜಂಬೂಸವಾರಿ ಅರಮನೆಯಿಂದ ಹೊರಟು ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆ ಹಿಡಿದು ಬನ್ನಿಮಂಟಪ ಮುಟ್ಟುವ ದಾರಿಗೆ ಪ್ರತಿವರ್ಷ ತೇಪೆ ಭಾಗ್ಯ. ತೊಂದರೆಯೆಂದರೆ ಹಬ್ಬ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಒಂದೆಡೆ ನಿಲ್ಲುವುದಿಲ್ಲ. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24ಕ್ಕೆ ಬಂತು, 2024ರಲ್ಲಿ 12ಕ್ಕೆ, 2025ರಲ್ಲಿ 2ಕ್ಕೆ. ಮೂರು ವಾರದ ವ್ಯತ್ಯಾಸ. ಮೈಸೂರಿಗೆ ಮಳೆ ಜೋರಾಗಿ ಹೊಡೆಯುವುದೂ ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಮತ್ತೊಮ್ಮೆ. ನಿಂತ ನೀರಿನ ಮೇಲೆ, ಒದ್ದೆ ನೆಲದ ಮೇಲೆ ಬಿಸಿ ಡಾಂಬರು ಹಾಕಬಾರದು ಎಂದು ನಿಯಮಪುಸ್ತಕವೇ ಹೇಳುತ್ತದೆ. ಆದರೆ ಆನೆ ಬರುವ ದಿನವನ್ನು ಮುಂದೂಡಲು ಯಾವ ಎಂಜಿನಿಯರಿಗೆ ಧೈರ್ಯವಿದೆ? ಹೀಗೆ ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನಗಳನ್ನು ಕಡತಕ್ಕೆ ಕೊಟ್ಟು, ಮಳೆಯ ದಿನಗಳನ್ನು ಡಾಂಬರಿಗೆ ಕೊಟ್ಟಿರುತ್ತೇವೆ.

ಗುಂಡಿ ಮುಚ್ಚುವ ಯಂತ್ರದ ಬಗ್ಗೆಯೂ ಕೇಳುತ್ತಾರೆ. ಬೆಂಗಳೂರಿನಲ್ಲಿ ‘ಪೈಥಾನ್’ ಎಂದು ಹೆಸರಾದ ಯಂತ್ರ ಓಡಾಡಿತು. ರಸ್ತೆಗುಂಡಿಗಳ ಬಗ್ಗೆ 2015ರಲ್ಲಿ ಹೈಕೋರ್ಟಿಗೆ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ವಿಚಾರಣೆಯಲ್ಲೂ ಆ ಕೆಲಸದ ಮಾತು ಬಂತು. ಇಂಥ ಯಂತ್ರಗಳಲ್ಲಿ ಒಂದು ಬಗೆಯದಕ್ಕೆ ಲಾರಿಯ ಮೇಲೆ ಕೂರಿಸಿದ ಉದ್ದ ಕೊಳವೆ, ಚಾಲಕ ಕೆಳಗಿಳಿಯದೆ ಅದನ್ನು ಗುಂಡಿಯ ಮೇಲೆ ಹಿಡಿಯುತ್ತಾನೆ. ಮೊದಲು ಜೋರು ಗಾಳಿ ಹೊಡೆದು ಧೂಳು ನೀರು ಹೊರಗೆ, ಆಮೇಲೆ ಎಮಲ್ಷನ್, ಆಮೇಲೆ ಎಮಲ್ಷನ್ ಸವರಿದ ಸಣ್ಣ ಜಲ್ಲಿಯನ್ನು ಒತ್ತಡದಲ್ಲಿ ಚಿಮ್ಮಿಸಿ ತುಂಬಿಸುವುದು, ಕೊನೆಗೆ ಮೇಲೆ ಒಣ ಜಲ್ಲಿ. ಒಂದು ಗುಂಡಿಗೆ ಕೆಲವೇ ನಿಮಿಷ, ಹಿಂದೆಯೇ ವಾಹನ ಬಿಡಬಹುದು. ಬಿಡಿ ಗುಂಡಿಗಳಿಗೆ ಇದು ನಿಜಕ್ಕೂ ಒಳ್ಳೆಯ ಉಪಾಯ. ಆದರೆ ಗುಂಡಿ ಬಿದ್ದದ್ದು ಪಕ್ಕದ ಚರಂಡಿ ಕಟ್ಟಿಕೊಂಡು ನೀರು ನಿಲ್ಲುವುದರಿಂದಾದರೆ, ಈ ಯಂತ್ರ ಪ್ರತಿವರ್ಷ ಅದೇ ಜಾಗಕ್ಕೆ ಬರಬೇಕಾಗುತ್ತದೆ. ಮೈಸೂರಿಗೆ ಯಂತ್ರ ತರಿಸಿ ಎಂದು ಒತ್ತಾಯಿಸುವ ಮುಂಚೆ ನಿಮ್ಮ ಬೀದಿಯ ಗುಂಡಿ ಮಳೆಯಲ್ಲಿ ಎಲ್ಲಿ ಬೀಳುತ್ತದೆ ನೋಡಿ. ಹತ್ತಕ್ಕೆ ಎಂಟು ಚರಂಡಿಯ ಬಾಯಿಯ ಹತ್ತಿರವೇ ಇದ್ದರೆ ನಾನು ಆಶ್ಚರ್ಯಪಡುವುದಿಲ್ಲ.

ತರಾತುರಿಯಲ್ಲೂ ಸರಿಯಾಗಿ ಮಾಡಬಹುದೇ? ಜಪಾನಿನ ಫುಕುವೋಕಾದಲ್ಲಿ ಮಾಡಿದರು. 2016ರ ನವೆಂಬರ್ 8ರ ಬೆಳಗಿನ ಜಾವ, ಮೆಟ್ರೋ ಸುರಂಗದ ಕೆಲಸ ನಡೆಯುತ್ತಿದ್ದ ಕಡೆ ಐದು ಪಥದ ರಸ್ತೆ ಸುಮಾರು 30 ಮೀಟರ್ ಅಗಲ, 15 ಮೀಟರ್ ಆಳಕ್ಕೆ ಬಾಯಿಬಿಟ್ಟಿತು. ನವೆಂಬರ್ 15ಕ್ಕೆ ವಾಹನಗಳು ಅದರ ಮೇಲೆ ಓಡಿದವು. ನೀರಿದ್ದರೂ ಗಟ್ಟಿಯಾಗುವ ಮಣ್ಣು–ಸಿಮೆಂಟಿನ ಮಿಶ್ರಣ ಸುರಿದರು ಎನ್ನುವುದು ಅರ್ಧ ಉತ್ತರ. ಇನ್ನರ್ಧ, ನೀರು, ಗ್ಯಾಸು, ಕರೆಂಟು, ಟೆಲಿಫೋನಿನವರೆಲ್ಲ ಒಂದೇ ವಾರದಲ್ಲಿ ಒಂದೇ ಗುಂಡಿಯಲ್ಲಿ ಒಬ್ಬರ ಹಿಂದೆ ಒಬ್ಬರು ಇಳಿದು ತಮ್ಮ ಕೆಲಸ ಮುಗಿಸಿ ಮೇಲೆ ಬಂದದ್ದು. ಎಲ್ಲ ಕುಸಿತಕ್ಕೂ ಈ ಲೆಕ್ಕ ಹಿಡಿಯಬೇಡಿ. ನಮ್ಮ ಚಾಮುಂಡಿ ಬೆಟ್ಟದಲ್ಲಿ ನಂದಿಗೆ ಹೋಗುವ ರಸ್ತೆ 2021ರ ಅಕ್ಟೋಬರ್ ಮಳೆಗೆ ಕುಸಿದಾಗ, ದುರಸ್ತಿ ವರ್ಷ ದಾಟಿತು. ಬಯ್ದವರು ಬಹಳ. ಆದರೆ ಅಲ್ಲಿ ಕೆಟ್ಟಿದ್ದು ಡಾಂಬರಲ್ಲ, ರಸ್ತೆ ಹೊತ್ತ ಇಳಿಜಾರೇ. ಒಳಗೆ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು ಎಂದು ತಿಳಿಯದೆ ಗೋಡೆ ಕಟ್ಟಿದರೆ ಮುಂದಿನ ಮಳೆಗೆ ಗೋಡೆಯೂ ಹೋಗುತ್ತದೆ. ತಡವಾದದ್ದೆಲ್ಲ ಸೋಮಾರಿತನವಲ್ಲ.

ಕಾಂಕ್ರೀಟ್ ರಸ್ತೆ ಬೇಕು ಎನ್ನುವವರಿಗೆ ಒಂದೇ ಮಾತು. ಡಾಂಬರು ಸಂಜೆಗೆ ಆರಿದರೆ ಓಡಾಡಬಹುದು, ಕಾಂಕ್ರೀಟಿಗೆ ಎರಡು ವಾರ ಗೋಣಿತಾಟು ಹೊದಿಸಿ ನೀರು ಹಾಕುತ್ತಲೇ ಇರಬೇಕು, ಪೂರ್ತಿ ಬಲ ಬರಲು 28 ದಿನ. ಬೆಂಗಳೂರಿನವರು ವೈಟ್ ಟಾಪಿಂಗ್ ಎಂದು ರಸ್ತೆಗಳಿಗೆ ಕಾಂಕ್ರೀಟ್ ಹೊದಿಸಿದ ಕಾಲದಲ್ಲಿ ಇದನ್ನು ಚೆನ್ನಾಗಿ ಅನುಭವಿಸಿದ್ದಾರೆ. ಅದೂ ಅಲ್ಲದೆ, ಹಾಕಿದ ಮೇಲೆ ಪೈಪು ಒಡೆದರೆ ಕಾಂಕ್ರೀಟ್ ಒಡೆಯುವುದು ಡಾಂಬರಿನಷ್ಟು ಸುಲಭವಲ್ಲ.

ಕೊನೆಯದಾಗಿ, ಹೊಸ ರಸ್ತೆ ಆದ ದಿನ ಏನು ಮಾಡಬೇಕೆಂದು ಕೇಳಿದವರಿಗೆ. ಮೊದಲ ರಾತ್ರಿ ಕಾರನ್ನು ಬೇರೆ ಬೀದಿಯಲ್ಲಿ ನಿಲ್ಲಿಸಿ. ಮೊದಲ ಕೆಲವು ದಿನ, ಅದರಲ್ಲೂ ಬಿಸಿಲಿನಲ್ಲಿ, ನಿಂತಲ್ಲೇ ಸ್ಟೀರಿಂಗ್ ತಿರುಗಿಸಬೇಡಿ, ಜಲ್ಲಿ ಕಿತ್ತು ಬರುತ್ತದೆ. ಬೈಕಿನ ಸೈಡ್ ಸ್ಟ್ಯಾಂಡಿನ ಕೆಳಗೆ ಒಂದು ಹಲಗೆ ಚೂರು ಇಡಿ, ಇಲ್ಲವಾದರೆ ಸಂಜೆಗೆ ರೂಪಾಯಿ ಗಾತ್ರದ ಕುಳಿ ಬಿದ್ದಿರುತ್ತದೆ. ಡೀಸೆಲ್ ಸೋರುವ ಗಾಡಿಯವರಿಗೆ ಮುಲಾಜಿಲ್ಲದೆ ಹೇಳಿ, ಡೀಸೆಲ್ ಡಾಂಬರನ್ನು ಕರಗಿಸುತ್ತದೆ. ಆಮೇಲೆ ಗಣೇಶನ ಪೆಂಡಾಲು, ಮದುವೆಯ ಶಾಮಿಯಾನ. ಹೊಸ ರಸ್ತೆಗೆ ಕಬ್ಬಿಣದ ಗೂಟ ಹೊಡೆದು ಹಗ್ಗ ಕಟ್ಟುವುದು ನಮ್ಮಲ್ಲಿ ಯಾರಿಗೂ ತಪ್ಪೆನಿಸುವುದಿಲ್ಲ. ಹಬ್ಬ ಮುಗಿದ ಮೇಲೆ ಗೂಟ ಹೋಗುತ್ತದೆ, ತೂತು ಉಳಿಯುತ್ತದೆ, ಮುಂದಿನ ಮಳೆ ಅಲ್ಲಿಂದಲೇ ಒಳಗಿಳಿಯುತ್ತದೆ. ಮರಳು ತುಂಬಿದ ಡ್ರಮ್ಮಿನಲ್ಲಿ ಕಂಬ ನಿಲ್ಲಿಸಿದರೆ ಸಾಕು. ಶಾಮಿಯಾನದವರ ಹತ್ತಿರ ಡ್ರಮ್ಮು ಇರುತ್ತದೆ, ಕೇಳದಿದ್ದರೆ ಅವರು ತರುವುದಿಲ್ಲ.